ಜೀರಿಗೆಯವರ ಪೈಕಿ

ಪೊಂಗಲಿನೊಳಗಿಂದ ಜೀರಿಗೆಯನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗಿಡುತ್ತಿದ್ದ ಕೆಂಪರಾಜನಿಗೆ, ಹೀಗೆ ಹೆಕ್ಕಿಟ್ಟದ್ದನ್ನು ಆಮೇಲೆ ಏನು ಮಾಡಬೇಕೆಂಬುದು ಹೊಳೆಯಲಿಲ್ಲ. ಹಲಸೂರು ಕೆರೆಯ ಹತ್ತಿರದ ಆ ದರ್ಶಿನಿಯಲ್ಲಿ ನಿಂತು ತಿನ್ನಲು ಕಲ್ಲಿನ ಮೇಜು, ಮೇಜಿನ ಪಕ್ಕ ನೀಲಿ ಡಬ್ಬ. ತಟ್ಟೆಯನ್ನು ಡಬ್ಬದ ಬಾಯಿಗೆ ಎರಡು ಸಲ ತಟ್ಟಿದರೆ ಮುಗಿಯಿತು. ಎಲ್ಲರೂ ಹಾಗೇ ಮಾಡಿ ಹೋಗುತ್ತಿದ್ದರು. ಆದರೆ ಹೋದ ಭಾನುವಾರದಿಂದ ಅವನ ಪಾಲಿಗೆ ಜೀರಿಗೆ ಬರೀ ಜೀರಿಗೆಯಾಗಿ ಉಳಿದಿರಲಿಲ್ಲ. ಅದು ಅವನ ಮನೆತನದ ಮೂಲಪುರುಷನಾಗಿತ್ತು. ಮೂಲಪುರುಷನನ್ನು, ಅದೂ ತುಪ್ಪದಲ್ಲಿ ಸಿಡಿದು ಬೆಂದು ಮೆತ್ತಗಾದವನನ್ನು, ಚಟ್ನಿ ಮೆತ್ತಿದ ಎಲೆಚೂರುಗಳ ಜತೆ ಕಸಕ್ಕೆ ಹಾಕಬಹುದೇ? ಹಾಕಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾಕಬಹುದೆಂದೂ ಹೇಳಿರಲಿಲ್ಲ. ಇಷ್ಟಕ್ಕೂ ತಾನು ಜೀರಿಗೆಯವರ ಪೈಕಿಯೇ ಹೌದೋ ಅಲ್ಲವೋ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅಲ್ಲದಿದ್ದರೆ ಈ ಹೆಕ್ಕುವುದು ಹುಚ್ಚು. ಹೌದಾದರೆ ಹೆಕ್ಕದಿರುವುದು ಪಾಪ. ಹುಚ್ಚಿಗಿಂತ ಪಾಪ ಹೆಚ್ಚಿನದೆಂದು ಲೆಕ್ಕ ಹಾಕಿ ಅವನು ಹೆಕ್ಕುತ್ತಿದ್ದ. "ಏನ್ ಸಾರ್, ಹುಳ ಏನಾದ್ರೂ ಇತ್ತಾ?" ಎಂದು ಮೇಜು ಒರೆಸುವಾತ ಬಗ್ಗಿ ನೋಡಿದ. "ಇಲ್ಲ ಇಲ್ಲ, ಜೀರಿಗೆ." "ಜೀರಿಗೆ ಇಲ್ದೆ ಪೊಂಗಲ್ ಆಗುತ್ತಾ ಸಾರ್?" "ಇಲ್ಲ, ತಪ್ಪು ನಂದೇ," ಎಂದುಬಿಟ್ಟ ಕೆಂಪರಾಜ. ಯಾವ ತಪ್ಪು ಎಂದು ಆತ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ. ಕೈ ಒರೆಸುವ ಕಾಗದದಲ್ಲಿ ಆ ಕಾಳುಗಳನ್ನು ಮಡಿಚಿ ಅಂಗಿಯ ಜೇಬಿಗಿಳಿಸಿದ. ಜೇಬಿನಲ್ಲಿ ನಿನ್ನೆಯ ಪೊಟ್ಟಣವೂ ಇತ್ತು, ಮೊನ್ನೆಯದೂ ಇತ್ತು.

ಶಿವಾಜಿನಗರದ ಬಸ್ಸಿನಲ್ಲಿ ಕಿಟಕಿಗೆ ಆತುಕೊಂಡು ನಿಂತಾಗ ಜೇಬು ಎದೆಗೆ ಒತ್ತುತ್ತಿತ್ತು. ಪೊಟ್ಟಣಗಳಿಗೆ ಭಾರವೇ ಇರಲಿಲ್ಲ, ಆದರೂ ಒತ್ತುತ್ತಿತ್ತು. ಅವನ ಜನದಲ್ಲಿ ಮನೆತನಕ್ಕೊಂದು ಬೆಡಗು: ಆನೆಯವರು, ಆಮೆಯವರು, ಹುತ್ತದವರು, ಹೊಂಗೆಯವರು, ಉಪ್ಪಿನವರು. ಯಾವುದು ಬೆಡಗೋ ಅದನ್ನು ತಿನ್ನುವಂತಿಲ್ಲ, ಕಡಿಯುವಂತಿಲ್ಲ, ತುಳಿಯುವಂತಿಲ್ಲ. ಒಂದೇ ಬೆಡಗಿನ ಗಂಡು ಹೆಣ್ಣು ಒಬ್ಬರನ್ನೊಬ್ಬರು ಎಂದೂ ನೋಡಿರದಿದ್ದರೂ ಅಣ್ಣ ತಂಗಿ. ಇಷ್ಟು ಅವನಿಗೆ ಗೊತ್ತಿತ್ತು. ಸಂಜೆ ಕಾಲೇಜಿನಲ್ಲಿ ಇದನ್ನೇ ಇನ್ನೊಂದು ಹೆಸರಿನಲ್ಲಿ ಓದಿಯೂ ಇದ್ದ. ಕೆಲಸದ ಕನ್ನಡಕದಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿ, ಟ್ಯೂಬ್‌ಲೈಟ್ ಮಿಣಮಿಣಿಸುವ ಕೋಣೆಯಲ್ಲಿ ಕೂತರೆ ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು: ಕುಲಲಾಂಛನವೆಂದರೆ ಒಂದು ಗುಂಪು ತನ್ನ ಮೂಲವೆಂದು ನಂಬುವ ಪ್ರಾಣಿ, ಸಸ್ಯ ಅಥವಾ ವಸ್ತು. ಪರೀಕ್ಷೆಯಲ್ಲಿ 'ಕುಲಲಾಂಛನದ ಅರ್ಥ ಮತ್ತು ಸಾಂಸ್ಕೃತಿಕ ಮಹತ್ವವನ್ನು ವಿವರಿಸಿ' ಎಂಬ ಪ್ರಶ್ನೆ ಬಂದಿತ್ತು. ಅವನು ಆಸ್ಟ್ರೇಲಿಯಾದ ಕಾಂಗರೂ ಬಗ್ಗೆ ಬರೆದು, ಅಮೆರಿಕದ ಕರಡಿಯನ್ನೂ ಹದ್ದನ್ನೂ ಸೇರಿಸಿ, ಇಂಥ ಆಚರಣೆಗಳು ಇಂದಿಗೂ ಕೆಲವು ದೂರದ ಬುಡಕಟ್ಟುಗಳಲ್ಲಿ ಕಂಡುಬರುತ್ತವೆ ಎಂದು ಮುಗಿಸಿದ್ದ. ಅಡ್ಡಗೆರೆ ಎಳೆಯುವಾಗ ಒಳ್ಳೆಯ ಉತ್ತರವೆನಿಸಿತ್ತು. ಅಂದು ರಾತ್ರಿ ಮನೆಗೆ ಹೋಗಿ ಅಮ್ಮನನ್ನು ಒಂದು ಮಾತು ಕೇಳಬಹುದಾಗಿತ್ತು. ಅಮ್ಮ ಇನ್ನೂ ಇದ್ದಳು, ಅಪ್ಪ ಇರಲಿಲ್ಲ. ಕೇಳಬೇಕೆಂದು ತೋಚಲೇ ಇಲ್ಲ. ಕಾಂಗರೂ ಅಷ್ಟು ಹತ್ತಿರದಲ್ಲಿತ್ತು, ಅಮ್ಮ ಅಷ್ಟು ದೂರದಲ್ಲಿದ್ದಳು. ಈಗ ಅಮ್ಮನೂ ಇಲ್ಲ.

ಹೋದ ಭಾನುವಾರ ಹೆಣ್ಣು ನೋಡಲು ಅವನು ಒಬ್ಬನೇ ಹೋಗಿದ್ದ. ಹೋಗಬಾರದಿತ್ತು. ಅಪ್ಪನ ಕಡೆಯಿಂದ ಉಳಿದಿರುವ ಹಿರಿಯಳೆಂದರೆ ಕೆ.ಆರ್. ಪುರದ ಆಂಜನಮ್ಮತ್ತೆ ಒಬ್ಬಳೇ. ಮಂಡಿನೋವು, ಬರಲಾರೆ ಎಂದಳು. ಕಲ್ಯಾಣ ನಗರದ ಹಿಂದೆ, ಹಳೇ ಹಳ್ಳಿಯ ಓಣಿಗಳು ಇನ್ನೂ ಸೊಟ್ಟಗೇ ಉಳಿದಿರುವ ಕಡೆ, ಮುನಿಆಂಜನಪ್ಪನವರ ಮನೆ: ಮೇಲೆ ಮೂರು ಅಂತಸ್ತು ಬಾಡಿಗೆಗೆ, ಕೆಳಗೆ ಇವರು, ಕಾರಿನ ಪಕ್ಕದಲ್ಲಿ ಎರಡು ಹಸು. ಮುನಿಆಂಜನಪ್ಪ ಎದುರಿನ ಸೋಫಾದಲ್ಲಿ ಕಾಲು ಮಡಿಚಿ ಕೂತು, ಒಬ್ಬನೇ ಬಂದ ಗಂಡನ್ನು ಮೇಲಿಂದ ಕೆಳಗೆ ನೋಡಿ, "ಒಬ್ರೇ ಬಂದ್ರಾ? ಇರ್ಲಿ, ಡಾಕ್ಟ್ರೂ ಒಬ್ರೇ ಬರ್ತಾರೆ," ಎಂದು ತಾವೇ ನಕ್ಕಿದ್ದರು. ತಾನು ಡಾಕ್ಟರಲ್ಲ, ಕನ್ನಡಕದಂಗಡಿಯಲ್ಲಿ ಕಣ್ಣಿನ ನಂಬರು ನೋಡುವವನು ಎಂದು ಕೆಂಪರಾಜ ವಿವರಿಸುತ್ತಿದ್ದ. ಆಗ ಅಡುಗೆಮನೆಯ ಪರದೆಯ ಹಿಂದಿನಿಂದ ಹೆಂಗಸಿನ ದನಿಯೊಂದು ಕೇಳಿತು: "ಮಜ್ಜಿಗೆಗೆ ಏನ್ ಹಾಕ್ಲಿ? ಶುಂಠೀನಾ, ಜೀರಿಗೇನಾ?" ಅದೇ ಗಳಿಗೆಗೆ ಮುನಿಆಂಜನಪ್ಪ ಮುಂದಕ್ಕೆ ಬಾಗಿ, "ಬೆಡಗು ಯಾವ್ದಾಯ್ತಪ್ಪಾ ನಿಮ್ದು?" ಎಂದರು. ಪ್ರಶ್ನೆ ಎರಡು, ಅವನಿಗಿದ್ದ ಬಾಯಿ ಒಂದು. ಅದರಿಂದ "ಜೀರಿಗೆ" ಎಂದು ಬಂತು.

"ಜೀರಿಗೆಯೋರಾ! ಬಿಡಿ, ಒಳ್ಳೇದಾಯ್ತು. ಜೀರಿಗೆಯೋರು ಈ ಕಡೆ ಸಿಗೋದೇ ಅಪ್ರೂಪ," ಎಂದು ಮುನಿಆಂಜನಪ್ಪ ತೊಡೆ ತಟ್ಟಿಕೊಂಡರು. ಅಲ್ಲ, ಅದು ಮಜ್ಜಿಗೆಗೆ ಹೇಳಿದ್ದು ಎನ್ನಲು ಅವನು ಬಾಯಿ ತೆರೆದಿದ್ದ, ನಿಜಕ್ಕೂ ತೆರೆದಿದ್ದ. ಅಷ್ಟರಲ್ಲಿ ಹುಡುಗಿ ಪದ್ಮಶ್ರೀಯ ತಾಯಿ ಲಕ್ಷ್ಮಿದೇವಿ ಲೋಟ ಹಿಡಿದು ಪರದೆ ಸರಿಸಿ ಬಂದರು. "ಜೀರಿಗೆಯೋರಂತೆ ಕಣೇ," ಎಂದರು ಗಂಡ. ಲಕ್ಷ್ಮಿದೇವಿ ನಿಂತಲ್ಲೇ ನಿಂತರು. ಲೋಟದ ಮೇಲೆ, ಬಿಳಿ ಮಜ್ಜಿಗೆಯಲ್ಲಿ, ಹುರಿದು ಕುಟ್ಟಿದ ಜೀರಿಗೆ ತೇಲುತ್ತಿತ್ತು. "ಅಯ್ಯೋ ಶಿವನೇ! ಹಾಕ್ಬಿಟ್ವಲ್ಲಪ್ಪ! ಜೀರಿಗೆ ಅಂತ್ಲೇ ಕೇಳುಸ್ತಲ್ಲ ಒಳಕ್ಕೆ?" ಎಲ್ಲರೂ ಅವನ ಮುಖ ನೋಡಿದರು. ತನ್ನ ಬೆಡಗನ್ನು ತಾನೇ ಮಜ್ಜಿಗೆಗೆ ಹಾಕಿಸಿಕೊಂಡು ಕುಡಿಯುವವನನ್ನು ಅವರು ಇದುವರೆಗೆ ನೋಡಿರಲಿಲ್ಲ. "ಬೇಡ ಅಂದೆ," ಎಂದ ಕೆಂಪರಾಜ. "ಜೀರಿಗೆ ಬೇಡ ಅಂತ. ಬೇಡ ಅನ್ನೋದು ಕೇಳಿಸಿಲ್ಲ." ಬದುಕಿನಲ್ಲಿ ಅವನು ಹೇಳಿದ ಅತಿ ಸಣ್ಣ ಸುಳ್ಳು ಅದು. "ಮತ್ತೆ? ಯಾರಾದ್ರೂ ಅವ್ರಪ್ಪನ್ನ ಮಜ್ಜಿಗೆಗೆ ಹಾಕಿ ಅಂತಾರೇನೇ?" ಎಂದು ಮುನಿಆಂಜನಪ್ಪ ಹೆಂಡತಿಯನ್ನು ಗದರಿಸಿದರು. ಲಕ್ಷ್ಮಿದೇವಿ ಆ ಲೋಟವನ್ನು ಎರಡು ಕೈಯಲ್ಲಿ, ಒಳಗೆ ಏನೋ ಸತ್ತಿದೆ ಎಂಬಂತೆ ಹಿಡಿದುಕೊಂಡು ಹೋಗಿ ಹೊರಗಿನ ತೆಂಗಿನ ಬುಡಕ್ಕೆ ಸುರಿದು, ಕೈ ಮುಗಿದು ಬಂದರು.

ಅಷ್ಟಕ್ಕೇ ನಿಂತಿದ್ದರೆ ಅವನು ಜೀರಿಗೆಯಾಗಿಯೇ ಇದ್ದುಬಿಡುತ್ತಿದ್ದ. ಆದರೆ ಮುನಿಆಂಜನಪ್ಪ, "ನಮ್ದು ಅವರೆ. ಈ ಚಳೀಲಿ ಊರೆಲ್ಲ ಅವರೆಕಾಯಿ ಸೊಗಡು ಘಮ್ಮಂತಿರತ್ತೆ, ನಾವು ಮಾತ್ರ ಕಿಟ್ಕಿ ಹಾಕ್ಕೊಂಡು ಕೂರ್ಬೇಕು. ಏನ್ ಮಾಡೋದು, ನಮಗೆ ಆಗಲ್ಲ," ಎಂದರು. ನಮಗೆ ಆಗಲ್ಲ. ಆ ಎರಡು ಪದವನ್ನು ಕೆಂಪರಾಜ ಮೊದಲೇ ಕೇಳಿದ್ದ. ಚಿಕ್ಕವನಿದ್ದಾಗ, ಹಲಸೂರಿನ ವಠಾರದಲ್ಲಿ ಎಲ್ಲ ಬಾಗಿಲುಗಳ ಮುಂದೆಯೂ ಅವರೆ ಸಿಪ್ಪೆಯ ರಾಶಿ ಬಿದ್ದಿರುತ್ತಿತ್ತು, ಅವರ ಬಾಗಿಲಿಗೆ ಮಾತ್ರ ಇಲ್ಲ. ಯಾಕಮ್ಮ ಎಂದರೆ ಅಮ್ಮ, "ನಿಮ್ಮಪ್ಪಂಗೆ ಆಗಲ್ಲ ಮಗ," ಎನ್ನುತ್ತಿದ್ದಳು. ಕೆಲವು ಸಲ "ನಮಗೆ ಆಗಲ್ಲ" ಎಂದಿದ್ದೂ ಉಂಟು. ಅಥವಾ ಅದು ಭಾನುವಾರದ ಮೇಲೆ ಅವನು ಅಮ್ಮನ ಬಾಯಿಗೆ ತುರುಕಿದ ಮಾತೋ? ಅಪ್ಪನಿಗೆ ಹೊಟ್ಟೆ ಉಬ್ಬರ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಅಪ್ಪ ಉಂಡಾದ ಮೇಲೆ ಅಂಗೈಯಿಂದ ಹೊಟ್ಟೆ ಸವರಿಕೊಳ್ಳುತ್ತಿದ್ದುದು ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಅದು ಗ್ಯಾಸಿನ ಸವರಿಕೆಯೋ, ಎಲ್ಲ ಅಪ್ಪಂದಿರೂ ಸುಮ್ಮನೆ ಸವರಿಕೊಳ್ಳುವಂಥದ್ದೋ? ಹೊಟ್ಟೆಗೆ ಆಗದಿದ್ದುದಾದರೆ ಪದ್ಮಶ್ರೀಯನ್ನು ಅವನು ಮದುವೆಯಾಗಬಹುದು. ಮನೆತನಕ್ಕೆ ಆಗದಿದ್ದುದಾದರೆ ಪದ್ಮಶ್ರೀ ಅವನ ತಂಗಿ. ಅವನ ಇಡೀ ಬಾಳು ಸತ್ತುಹೋದ ಒಬ್ಬನ ಗ್ಯಾಸಿನ ಮೇಲೆ ನಿಂತಿತ್ತು.

ತಂಗಿ ಎಂದುಕೊಳ್ಳಲು ಅವನು ಪ್ರಯತ್ನಪಟ್ಟಿದ್ದ. ಆಗಲಿಲ್ಲ. ಹೊರಡುವಾಗ ಗೇಟಿನವರೆಗೆ ಬಂದ ಪದ್ಮಶ್ರೀ, ಹಸುವಿನ ಹಗ್ಗ ದಾಟಿ ನಿಂತು, "ನನ್ನ ಕಣ್ಣು ಸ್ವಲ್ಪ ನೋಡ್ತೀರಾ?" ಎಂದಿದ್ದಳು. ಅವನು ಧೈರ್ಯ ಮಾಡಿ ನೋಡಿದ. ಕಪ್ಪು, ಸ್ವಲ್ಪ ದಣಿದ, ಅಂಚಿನಲ್ಲಿ ನಗು ಕಟ್ಟಿಕೊಂಡ ಕಣ್ಣು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಇಲ್ಲಲ್ಲ ರೀ, ಅಂಗ್ಡೀಲಿ! ಮಕ್ಳ ಕಾಪಿ ನೋಡಿ ನೋಡಿ ತಲೆನೋವು. ಎಲ್‌ಕೆಜಿ ಮಕ್ಳು ಅಕ್ಷರಾನ ಗೆರೆ ಮೇಲೆ ಬರಿಯಲ್ಲ, ಗೆರೆ ಆಚೆ ಬರೀತಾರೆ," ಎಂದಳು. ನಾಚಿಕೆಯಿಂದ ಅವನಿಗೆ ಓಣಿ ಯಾವ ಕಡೆ ತಿರುಗುತ್ತದೆಂಬುದೇ ಮರೆತು ಒಂದು ಸುತ್ತು ಹಾಕಿ ಮತ್ತೆ ಅದೇ ಗೇಟಿನ ಮುಂದೆ ಬಂದಿದ್ದ. ಅವಳು ಇನ್ನೂ ಅಲ್ಲೇ ನಿಂತಿದ್ದಳು. ಬಲಕ್ಕೆ ಕೈ ತೋರಿಸಿದ್ದಳು.

ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಅಂದಿನ ಮೊದಲ ಗಿರಾಕಿ ಒಬ್ಬ ನಿವೃತ್ತ ಹವಾಲ್ದಾರ. ಮೂಗಿನ ಮೇಲೆ ಪರೀಕ್ಷೆಯ ಕಬ್ಬಿಣದ ಫ್ರೇಮು ಹೊತ್ತು ನೇರ ಕೂತಿದ್ದ. ಕೆಂಪರಾಜ ಹಿಡಿಕೆಯ ಗಾಜನ್ನು ಕಣ್ಣ ಮುಂದೆ ಹಿಡಿದು ಮಗುಚುತ್ತ, "ಇದು ಚೆನ್ನಾಗಿದೆಯಾ, ಇದಾ? ಮೊದಲನೇದಾ, ಎರಡನೇದಾ?" ಎಂದು ದಿನವೂ ಕೇಳುವುದನ್ನೇ ಕೇಳುತ್ತಿದ್ದ. ಕೆಲಸ ಕಲಿಸಿದವರು ಒಂದು ಮಾತು ಹೇಳಿಕೊಟ್ಟಿದ್ದರು: ಎರಡೂ ಒಂದೇ ಥರ ಕಾಣುತ್ತೆ ಅಂತ ಯಾವಾಗ ಅಂತಾರೋ ಅಲ್ಲಿಗೆ ನಿಲ್ಲಿಸು, ಅದೇ ಸರಿಯಾದ ನಂಬರು, ಇನ್ನು ತಿರುಗಿಸಬೇಡ. ಅದು ಶಾಸ್ತ್ರದಲ್ಲಿರುವ ಮಾತೇ. ಆದರೂ ಕೆಂಪರಾಜನಿಗೆ ಎಂದೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಒಂದೇ ಥರ ಕಾಣುತ್ತದೆಂದು ಕೆಲವರು ಬೇಜಾರಿಗೆ ಹೇಳಿದರೆ? ತನಗೆ ನೋವಾಗದಿರಲೆಂದು ಹೇಳಿದರೆ? ಹಾಗಾಗಿ ಅವನು ಆಮೇಲೂ ಇನ್ನೊಂದು ಸಲ, ಮತ್ತೊಂದು ಸಲ ಮಗುಚಿ ಕೇಳುತ್ತಿದ್ದ. "ಅರೇ ಸಾಹೇಬ್ರೇ, ಸೇಮ್ ಅಂತ ಎಷ್ಟ್ ಸಲ ಹೇಳೋದು," ಎಂದ ಹವಾಲ್ದಾರ.

ಮಧ್ಯಾಹ್ನ ಊಟಕ್ಕೆ ಕೂತಾಗ ಫ್ರೇಮಿನ ಕೌಂಟರ್ ನೋಡಿಕೊಳ್ಳುವ ಆತಿಕಾ ತನ್ನ ಡಬ್ಬಿಯನ್ನು ಅವನತ್ತ ತಳ್ಳಿದಳು. ಬಿರಿಯಾನಿ. ಅವನು ಸಣ್ಣ ಅಕ್ಕಿಯನ್ನು ಕಣ್ಣಿನ ಹತ್ತಿರ ಹಿಡಿದು, "ಇದ್ಯಾವ ಅಕ್ಕಿ?" ಎಂದ. "ಜೀರಗ ಸಾಂಬಾ. ಯಾಕೆ?" ಅವನು ತುತ್ತನ್ನು ಕೆಳಗಿಟ್ಟ. ಜೀರಿಗೆಯ ಹಾಗೆ ಕಾಣುವುದರಿಂದ ಆ ಹೆಸರು, ಅದು ಜೀರಿಗೆಯಲ್ಲ, ಅಷ್ಟು ಅವನಿಗೆ ತಿಳಿಯುತ್ತಿತ್ತು. ಆದರೆ ಹೆಸರು ಹಂಚಿಕೊಂಡದ್ದು ನಂಟಾಗುವುದಾದರೆ, ಈ ಅಕ್ಕಿಯೂ ದೂರದ ದಾಯಾದಿಯಾಗದೇ? ಅವನು ಬಗ್ಗಿ ನೀರಿನ ಬಾಟಲಿಗೆ ಕೈ ಚಾಚಿದಾಗ ಜೇಬಿನ ಪೊಟ್ಟಣಗಳು ಮೇಜಿನ ಮೇಲೆ ಉದುರಿದವು. ಆತಿಕಾ ಒಂದನ್ನು ಬಿಚ್ಚಿದಳು.

"ಯಾ ಅಲ್ಲಾ! ಏನ್ ಭಾಯ್ ಇದು? ತಾಯ್ತಾನಾ?"

"ಅಲ್ಲ. ಮನೆಯವರು."

ಅವಳು ಅವನನ್ನು ನೋಡಿದಳು, ಪೊಟ್ಟಣವನ್ನು ನೋಡಿದಳು, ಮತ್ತೆ ಮಡಿಚಿ ಮೆಲ್ಲಗೆ ಕೆಳಗಿಟ್ಟಳು. ಅವನು ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ತನಗೇ ಅದು ಯಾವನೋ ಮೂರ್ಖನ ಕಥೆಯಂತೆ ಕೇಳಿಸಿತು. ಮೊನ್ನೆ ಲಕ್ಷ್ಮಿದೇವಿ ಫೋನು ಮಾಡಿ, ಇಡೀ ವರ್ಷಕ್ಕೆಂದು ಮಾಡಿಟ್ಟಿದ್ದ ಸಾರಿನ ಪುಡಿಯನ್ನೆಲ್ಲ ಭಾವಿ ಅಳಿಯನಿಗೋಸ್ಕರ ಬಾಡಿಗೆದಾರರಿಗೆ ಹಂಚಿ, ಡಬ್ಬ ತೊಳೆದು ಬಿಸಿಲಿಗಿಟ್ಟು, ಜೀರಿಗೆ ಹಾಕದೆ ಹೊಸದಾಗಿ ಕುಟ್ಟಿಸಿಕೊಂಡು ಬಂದೆ ಎಂದಿದ್ದರು. "ಅಷ್ಟೊಂದು ಪುಡಿ ಆತಿಕಾ. ಒಂದು ಸುಳ್ಳಿಗೆ." ಬರುವ ಭಾನುವಾರ ತಾಂಬೂಲ ಬದಲಾಯಿಸುವುದಿತ್ತು. ಅತ್ತೆ ಆಟೋದಲ್ಲಾದರೂ ಬರಲೇಬೇಕು. ಬಂದರೆ ಮುನಿಆಂಜನಪ್ಪ ಮೊದಲು ಕೇಳುವುದೇ ಬೆಡಗು.

"ಹಂಗಾದ್ರೆ ನಿನ್ ಫುಪ್ಪೀನ, ಅದೇ ಅತ್ತೇನ, ಮುಂಚೇನೇ ಕೇಳು."

"ಅವರೆ ಅಂದ್ಬಿಟ್ರೆ?"

"ಅಂದ್ರೆ?"

"ಆಗ ಅವಳು ನನಗೆ ತಂಗಿ."

"ನೋಡಿ, ಇಷ್ಟಪಟ್ಟು, ದಾರಿ ತಪ್ಪಿ ವಾಪಸ್ ಅವ್ಳ ಗೇಟಿಗೇ ಬಂದು ನಿಂತಾಯ್ತು. ಈಗ ತಂಗಿ ಅಂದ್ರೆ?" ಆತಿಕಾ ಚಮಚದಿಂದ ಅವನತ್ತ ಬೊಟ್ಟು ಮಾಡಿದಳು. "ಕೇಳ್ದೆ ಇದ್ರೆ ಮದ್ವೆ ಆದ್ಮೇಲೂ ಹಿಂಗೇ ಹೆಕ್ತಾ ಕೂರ್ತೀಯ ನೀನು. ನಾಳೆ ನಿಂಗೆ ರಜಾ. ಹೋಗ್ ಬಾ."

ಕೆ.ಆರ್. ಪುರದ ಸಂತೆಯ ಹಿಂದಿನ ಮನೆಯ ಜಗುಲಿಯಲ್ಲಿ ಆಂಜನಮ್ಮತ್ತೆ ಕಾಲು ಚಾಚಿ ಕೂತು, ನೆನೆಸಿದ ಅವರೆಯನ್ನು ಹಿದುಕುತ್ತಿದ್ದಳು. ಮೆಟ್ರೋ ಇಳಿದಾಗಿನಿಂದ ಅವನ ಮೂಗಿಗೆ ಸೊಗಡು ಹತ್ತಿತ್ತು. ಅದು ಬೀದಿಯದು ಎಂದುಕೊಂಡಿದ್ದ, ಅತ್ತೆಯ ಮನೆಯದು ಎಂದುಕೊಂಡಿರಲಿಲ್ಲ. ಅವಳ ಹೆಬ್ಬೆರಳು ಒತ್ತಿದಂತೆಲ್ಲ ಕಾಳು ಸಿಪ್ಪೆಯಿಂದ ಪುಳಕ್ಕನೆ ಹಾರಿ ಬೋಗುಣಿಗೆ ಬೀಳುತ್ತಿತ್ತು. ಬರಿಮೈಯ, ಹಸಿರು, ಆಗಷ್ಟೇ ಹುಟ್ಟಿದಂಥ ಕಾಳು. ಅಂದರೆ ಅವರೆ ನಮ್ಮದಲ್ಲ! ಎದೆ ಹಗುರಾಗುವಷ್ಟರಲ್ಲೇ ಇನ್ನೊಂದು ನೆನಪಾಯಿತು: ಮದುವೆಯಾದ ಹೆಣ್ಣು ಗಂಡನ ಬೆಡಗಿಗೆ ಸೇರಿಹೋಗುತ್ತಾಳೆ. ಅತ್ತೆ ಈಗ ಆಮೆಯವಳು. ಆಮೆಯವರು ಅವರೆ ತಿನ್ನಬಹುದು. ಯಾವುದೂ ಯಾವುದಕ್ಕೂ ಸಾಕ್ಷಿಯಲ್ಲ. "ಬಾರೋ ಕೆಂಪ, ಸುಮ್ನೆ ನಿಂತ್ಕಬೇಡ, ಎರಡು ಕಾಳು ಹಿದುಕು," ಎಂದು ಅತ್ತೆ ಬೋಗುಣಿ ಸರಿಸಿದಳು. ಅವನು ಕೂತ. ಮುಟ್ಟಬಹುದೋ ಬಾರದೋ. ಕೈ ಒದ್ದೆಯಾದದ್ದು ನೀರಿನಿಂದಲೋ ಬೆವರಿನಿಂದಲೋ. ಒಂದು ಕಾಳನ್ನು ಒತ್ತಿದ. ಅದು ಹಾರಿ ಅತ್ತೆಯ ಹಣೆಗೆ ತಾಗಿ ಬಿತ್ತು.

"ಅತ್ತೆ, ಅಪ್ಪ ಅವರೆಕಾಯಿ ತಿಂತಿರ್ಲಿಲ್ವಲ್ಲ. ಯಾಕೆ?"

"ಅವ್ನಿಗೆ ಆಗ್ತಿರ್ಲಿಲ್ಲ."

"ಆಗ್ತಿರ್ಲಿಲ್ಲ ಅಂದ್ರೆ?"

"ಆಗ್ತಿರ್ಲಿಲ್ಲ ಅಂದ್ರೆ ಆಗ್ತಿರ್ಲಿಲ್ಲ ಕಣೋ. ಕನ್ನಡ ಬರಲ್ವಾ ನಿಂಗೆ? ಕಾಲೇಜ್ ಓದ್ದೋನು."

"ಹೊಟ್ಟೆಗೆ ಆಗ್ತಿರ್ಲಿಲ್ವಾ, ಮನೆತನಕ್ಕೆ ಆಗ್ತಿರ್ಲಿಲ್ವಾ?"

ಅತ್ತೆಯ ಹೆಬ್ಬೆರಳು ನಿಂತಿತು. ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಅಪ್ಪನ ಹುಬ್ಬು ಇತ್ತು.

"ಹೆಣ್ಣಿನ ಕಡೆಯೋರ್ದು ಯಾವ್ದಂತೆ?"

"ಅವರೆ."

ಅತ್ತೆ ಮತ್ತೆ ಹಿದುಕತೊಡಗಿದಳು. "ಹಂಗಾದ್ರೆ ಹೊಟ್ಟೆಗೆ," ಎಂದಳು.

"ಅತ್ತೆ!"

"ಏನೋ? ನೀನೇನಂತ ಹೇಳಿ ಬಂದಿದ್ದೀಯ ಅಲ್ಲಿ?"

"ಜೀರಿಗೆ ಅಂತ. ಬಾಯ್ತಪ್ಪಿ."

"ಹೂಂ. ಜೀರಿಗೇನೇ."

"ನಿಜ ಹೇಳಿ ಅತ್ತೆ. ನಮ್ಮದು ಜೀರಿಗೇನಾ?"

"ಹುಡುಗಿ ಒಪ್ಪಿಗೆಯಾದ್ಲಾ ನಿಂಗೆ?"

ಅವನು ಬೋಗುಣಿಯೊಳಗೆ ನೋಡುತ್ತ ತಲೆಯಾಡಿಸಿದ.

"ಮತ್ತೆ? ಜೀರಿಗೆ," ಎಂದು ಅತ್ತೆ ಮಂಡಿ ಹಿಡಿದುಕೊಂಡು ಎದ್ದಳು. "ಆ ಮನೇಲಿದ್ದಾಗ ಮೀಸೆ ಬಂದ ಗಂಡಸಿನ ಥರ ಅಪ್ಪನ ಪಕ್ಕ ಕೂತ್ಕೊಂಡು ಬೆಡಗು ಕಂಠಪಾಠ ಮಾಡಿದ್ನಾ ನಾನು? ಹೆಣ್ಮಕ್ಳಿಗೆ ಯಾರು ಹೇಳ್ತಾರೆ ಅದ್ನೆಲ್ಲ. ಇದು ತಿನ್ಬೇಡ ಅಂದ್ರು, ತಿನ್ಲಿಲ್ಲ. ಇಲ್ಲಿ ಬಂದ್ಮೇಲೆ ತಿನ್ನು ಅಂದ್ರು, ತಿಂದೆ. ನನ್ ಹೊಟ್ಟೆ ಏನೂ ಅನ್ಲಿಲ್ಲ." ಏನು ತಿನ್ನಬೇಡ ಅಂದರು, ಏನು ತಿನ್ನು ಅಂದರು ಎಂದು ಕೇಳಲು ಅವನು ಬಾಯಿ ತೆರೆದ. ಮುಚ್ಚಿದ. ಅತ್ತೆ ಭಾನುವಾರ ಬರುತ್ತಾಳೆ, ಮುನಿಆಂಜನಪ್ಪನ ಎದುರು ಕೂತು ಎಲೆ ಅಡಿಕೆ ಮೆಲ್ಲುತ್ತ ಜೀರಿಗೆ ಎಂದು ಹೇಳುತ್ತಾಳೆ; ಅದು ಅವನಿಗೆ ಈಗ ಖಚಿತವಾಗಿ ಗೊತ್ತಿತ್ತು. ಗೊತ್ತಿರದಿದ್ದುದು, ಅದು ನಿಜವೋ ಎಂಬುದೊಂದೇ. ಒಳಗೆ ಎಣ್ಣೆ ಕಾದು, ಅತ್ತೆ ಒಗ್ಗರಣೆಗೆ ಚಿಟಿಕೆ ಜೀರಿಗೆ ಎಸೆದದ್ದು ಚಟಪಟ ಕೇಳಿಸಿತು. ಅವನು ಕೇಳುತ್ತ ಕೂತಿರುವಾಗಲೇ ಅತ್ತೆ ಅವನ ಇಬ್ಬರು ಪೂರ್ವಜರನ್ನೂ ಒಂದೇ ಬಾಣಲೆಯಲ್ಲಿ ಬೇಯಿಸುತ್ತಿದ್ದಳು. "ಊಟ ಮಾಡ್ಕೊಂಡ್ ಹೋಗು," ಎಂದು ಮುದ್ದೆಯ ಪಕ್ಕಕ್ಕೆ ಸಾರು ಸುರಿದಳು. ಅವನು ತಿಂದ. ಮೊದಲ ತುತ್ತಿಗೆ ಕಣ್ಣು ಮುಚ್ಚಿದ, ಏನಾದರೂ ಆಗುವುದೋ ಎಂದು ಕಾದ. ಏನೂ ಆಗಲಿಲ್ಲ, ರುಚಿಯಾಗಿತ್ತು ಅಷ್ಟೆ. ಇಷ್ಟು ವರ್ಷ ಎಲ್ಲ ಬಾಗಿಲುಗಳ ಒಳಗೆ ಇದು ನಡೆಯುತ್ತಿತ್ತೇ ಎನ್ನಿಸುವಷ್ಟು ರುಚಿಯಾಗಿತ್ತು. ಇನ್ನೊಂದು ಮುದ್ದೆ ಹಾಕಿಸಿಕೊಂಡ. ಉಳಿದ ಸಾರನ್ನು ಅತ್ತೆ ಡಬ್ಬಿಗೆ ತುಂಬಿ ಕೊಟ್ಟಳು.

ಮೆಟ್ರೋ ಬೆನ್ನಿಗಾನಹಳ್ಳಿ ದಾಟುವಾಗ ಹೊಟ್ಟೆಯೊಳಗೆ ಮೊದಲ ಗುಡುಗು ಕೇಳಿತು. ಅವನು ಕಂಬ ಹಿಡಿದುಕೊಂಡ. ಆಯಿತು, ಉತ್ತರ ಬಂತು. ಆದರೆ ಯಾವ ಉತ್ತರ? ಅಪ್ಪನ ಹೊಟ್ಟೆಯೇ ತನಗೂ ಬಂದಿದ್ದರೆ ಇದು ಗ್ಯಾಸು, ಮದುವೆ ನಡೆಯಲಿ. ಮೂಲಪುರುಷ ಮುನಿದಿದ್ದರೆ ಇದು ಶಾಪ, ಮದುವೆ ನಿಲ್ಲಲಿ. ಗ್ಯಾಸೂ ಶಾಪವೂ ಒಳಗಿನಿಂದ ಒಂದೇ ಸದ್ದು ಮಾಡುತ್ತವೆ. ಇಂದಿರಾನಗರದಲ್ಲಿ ಹತ್ತಿದ ಹುಡುಗಿಯೊಬ್ಬಳು ಅವನ ಕಡೆ ತಿರುಗಿ ನೋಡಿ ಕಿವಿಗೆ ಹಾಕಿಕೊಂಡಿದ್ದ ವೈರನ್ನು ಸರಿಪಡಿಸಿಕೊಂಡಳು. ಕೆಂಪರಾಜ ಹೊಟ್ಟೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಸವರಿಕೊಂಡ. ಸವರಿಕೊಂಡಾಗ ಅದು ಅಪ್ಪನ ಕೈ ಎಂದು ಗೊತ್ತಾಯಿತು. ಹೆಬ್ಬೆರಳು ಒಳಗೆ ಮಡಿಚಿ, ಬೆರಳುಗಳನ್ನು ಅಗಲಿಸಿ. ಇಷ್ಟು ವರ್ಷಗಳ ಮೇಲೆ ಅಪ್ಪ ಅವನ ಬಳಿಗೆ ಹೀಗೆ ಬಂದಿದ್ದ, ಆದರೆ ಕೇಳಿದ್ದಕ್ಕೆ ಉತ್ತರ ಕೊಡಲು ಬಂದಿರಲಿಲ್ಲ.

ಮರುದಿನ ಅವನು ಅಂಗಡಿಗೆ ಹೋದಾಗ ಪದ್ಮಶ್ರೀ ಆಗಲೇ ಬಂದು ಕೂತಿದ್ದಳು. ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಆತಿಕಾ ಅವಳಿಗೆ ಒಂದಾದ ಮೇಲೊಂದು ಫ್ರೇಮು ಹಾಕಿಸಿ ಕನ್ನಡಿ ತೋರಿಸುತ್ತಿದ್ದಳು; ಇಬ್ಬರೂ ನಗುತ್ತಿದ್ದರು. ಅವನನ್ನು ನೋಡಿ ನಗು ನಿಲ್ಲಿಸಿದ್ದು ಇನ್ನೂ ಕೆಟ್ಟದ್ದಾಗಿತ್ತು. "ಅಮ್ಮ ಕಳಿಸಿದ್ರು. ಜೀರಿಗೆ ಇಲ್ದಿರೋ ಸಾರು," ಎಂದು ಡಬ್ಬಿ ಕೊಟ್ಟಳು. "ನೀವೊಬ್ರೇ ಇದ್ದೀರಲ್ಲ, ಹೋಟ್ಲಲ್ಲಿ ಎಲ್ಲದಕ್ಕೂ ಹಾಕ್ತಾರೆ ಅಂತ ಅವ್ರಿಗೆ ಸಂಕಟ." ಡಬ್ಬಿ ಇನ್ನೂ ಬೆಚ್ಚಗಿತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಕತ್ತಲ ಕೋಣೆಗೂ ಎತ್ತಿಕೊಂಡು ಹೋದ.

ಕೋಣೆಯಲ್ಲಿ ಗೋಡೆಯ ಅಕ್ಷರಗಳಷ್ಟೇ ಬೆಳಗುತ್ತಿದ್ದವು. ಪರೀಕ್ಷೆಯ ಫ್ರೇಮನ್ನು ಅವಳ ಕಿವಿಗೆ ಸಿಕ್ಕಿಸುವಾಗ ಬೆರಳು ಅವಳ ಕೂದಲಿಗೆ ತಾಗದಂತೆ ಎಚ್ಚರ ವಹಿಸಿದ. ಬಲಗಣ್ಣಿಗೆ ಕಪ್ಪು ಮುಚ್ಚಳ ಹಾಕಿದ. ಎಡಗಣ್ಣಿಗೆ ಗಾಜುಗಳನ್ನು ಜೋಡಿಸುತ್ತ ಹೋದ. ಫ್ರೇಮು ಹೊತ್ತವರ ಮುಖ ಯಾವಾಗಲೂ ಸ್ವಲ್ಪ ಅಮಾಯಕವಾಗಿ ಕಾಣುತ್ತದೆ, ತಾನು ಏನು ಹೇಳಿದರೂ ಅವರು ನಂಬುತ್ತಾರೆಂದು ಅನ್ನಿಸುತ್ತದೆ; ಅದಕ್ಕೇ ಅವನಿಗೆ ಈ ಕೆಲಸದಲ್ಲಿ ಭಯ. ಹಿಡಿಕೆಯ ಗಾಜನ್ನು ಕೈಗೆ ತೆಗೆದುಕೊಂಡು, "ಒಂದು ವಿಷಯ," ಎಂದ. ಕತ್ತಲಲ್ಲಿ ಹೇಳುವುದು ಸುಲಭವೆಂದುಕೊಂಡಿದ್ದ. ಸುಲಭವಾಗಿರಲಿಲ್ಲ. "ಅವತ್ತು ನಾನು ಜೀರಿಗೆ ಅಂದಿದ್ದು ನಿಮ್ಮ ತಂದೆಗಲ್ಲ. ನಿಮ್ಮ ತಾಯಿ ಮಜ್ಜಿಗೆಗೆ ಏನು ಹಾಕ್ಲಿ ಅಂದ್ರಲ್ಲ, ಅದಕ್ಕೆ."

"ಅಮ್ಮ ಅಲ್ಲ."

"ಏನು?"

"ಕೇಳಿದ್ದು ಅಮ್ಮ ಅಲ್ಲ ರೀ, ನಾನು. ನನ್ನ ಪ್ರಶ್ನೆಗೆ ನೀವು ಉತ್ತರ ಕೊಟ್ರಿ, ಅಪ್ಪ ಅದನ್ನ ಕಿತ್ಕೊಂಡ್ರು." ಒಂದೇ ಕಣ್ಣಿನಿಂದ ಅವಳು ಗೋಡೆಯ ಅಕ್ಷರಗಳನ್ನೇ ನೋಡುತ್ತಿದ್ದಳು. "ಬೇಡ ಅಂದೆ ಅಂತ ನೀವು ಹೇಳ್ದಾಗ ನಾನು ಪರದೆ ಹಿಂದೆ ಸೆರಗು ಬಾಯಿಗೆ ತುರುಕ್ಕೊಂಡು ನಿಂತಿದ್ದೆ. ಅಮ್ಮ ಪುಡಿ ಹಂಚ್ತಾ ಇದ್ರೆ ನಗು ತಡೀಲಾರ್ದೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟೆ."

"ಮತ್ತೆ ನೀವು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ವಾಪಸ್ ಬರ್ತಿದ್ರಾ?"

ಹೊರಗೆ ಆತಿಕಾ ಯಾರಿಗೋ ಬಿಲ್ಲು ಹಾಕುತ್ತಿದ್ದುದು ಕೇಳಿಸಿತು. ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಬೇರೆ ಯಾರೇ ಆಗಿದ್ದರೂ ನಿಲ್ಲಿಸುತ್ತಿದ್ದರು. ಆದರೆ ಕೆಂಪರಾಜನಿಗೆ ಅರ್ಧ ಹೇಳಿದ್ದು ಪೂರ್ತಿ ಸುಳ್ಳಿಗಿಂತ ಭಾರ. "ಅಷ್ಟೇ ಅಲ್ಲ," ಎಂದ. ಅಮ್ಮನ 'ಆಗಲ್ಲ', ಅಪ್ಪನ ಹೊಟ್ಟೆ, ಅತ್ತೆ ಹೆಬ್ಬೆರಳು ನಿಲ್ಲಿಸಿದ್ದು, ಮತ್ತೆ ಶುರುಮಾಡಿದ್ದು, ಎಲ್ಲವನ್ನೂ ಹೇಳಿದ. "ಅತ್ತೆ ಭಾನುವಾರ ಬಂದು ಜೀರಿಗೆ ಅಂತಾರೆ. ನಿಮ್ಮ ತಂದೆ ಒಪ್ತಾರೆ. ಆದ್ರೆ ನಾವು ಅವರೆಯವರೇ ಆಗಿದ್ರೆ, ನೀವು ನನಗೆ..." ಆ ಪದವನ್ನು ಅವನು ಆಡಲಿಲ್ಲ. ಆಡಿದರೆ ಅದು ಹುಟ್ಟಿಬಿಡುತ್ತಿತ್ತು.

ಪದ್ಮಶ್ರೀ ಈಗ ನಗಲಿಲ್ಲ. ಫ್ರೇಮಿನ ಭಾರಕ್ಕೆ ಅವಳ ಮೂಗಿನ ಮೇಲೆ ಒಂದು ಗೆರೆ ಮೂಡಿತ್ತು. ಏನು ಮಾಡಬೇಕೆಂದು ತಿಳಿಯದೆ ಅವನ ಕೈ ತಾನೇ ಮೇಲೆದ್ದು ಗಾಜನ್ನು ಅವಳ ಕಣ್ಣ ಮುಂದೆ ಹಿಡಿಯಿತು. "ಇದು ಚೆನ್ನಾಗಿದೆಯಾ," ಎಂದ. ಮಗುಚಿದ. "ಇದಾ?"

"ಇನ್ನೊಂದ್ಸಲ ತೋರಿಸಿ."

"ಇದಾ. ಇದಾ."

ಅವಳು ಗೋಡೆಯಿಂದ ಕಣ್ಣು ತೆಗೆದು, ಗಾಜಿನ ಮೂಲಕ, ಎದುರಿಗಿದ್ದ ಅವನನ್ನು ನೋಡಿದಳು. ಆ ಗಾಜಿನಲ್ಲಿ ಹತ್ತಿರದ ಮುಖ ಮಸುಕಾಗಿಯೇ ಕಾಣುತ್ತದೆಂದು ಅವನಿಗೆ ಗೊತ್ತಿತ್ತು.

"ಎರಡೂ ಒಂದೇ ಥರ ಇದೆ ರೀ," ಎಂದಳು.

ಅವನ ಕೈ ಅಭ್ಯಾಸದಂತೆ ಮತ್ತೆ ಮಗುಚಲು ಹೊರಟಿತ್ತು. ಅರ್ಧಕ್ಕೆ ನಿಂತಿತು. ಹಾಗೇ ಕೆಳಗಿಳಿಯಿತು. ಆ ನಿಶ್ಶಬ್ದದಲ್ಲಿ, ರಾತ್ರಿಯೂ ಬೆಳಿಗ್ಗೆಯೂ ತಿಂದ ಅತ್ತೆಯ ಸಾರು ಅವನೊಳಗೆಲ್ಲೋ ಮಗ್ಗುಲು ಬದಲಾಯಿಸಿ, ಉದ್ದನೆಯ, ಏರಿಳಿಯುವ, ಕೊನೆಯಲ್ಲಿ ಒಂದು ಪ್ರಶ್ನೆಯಂತೆ ಮೇಲೆದ್ದು ನಿಲ್ಲುವ ಸದ್ದು ಮಾಡಿತು. ಪದ್ಮಶ್ರೀ ಬೆಚ್ಚಿ ಕತ್ತಲಿಗೆ ಕಿವಿಗೊಟ್ಟಳು.

"ಯಾರದು?" ಎಂದಳು.

"ಹೊಟ್ಟೆ," ಎಂದ ಕೆಂಪರಾಜ.